ಎಲ್ಲಿಗೆ ಹೊಂಟೀರಿ?

ಮರೆವಿನ ಕಾಯಿಲೆಯವರ ನೆರವಿಗೆಂದು ನಾವು ಎಂಟು ಜನ ಧಾರವಾಡದಿಂದ ಕೊಲ್ಹಾಪುರಕ್ಕೆ ಸೈಕಲ್ ಹತ್ತಿದ್ದೆವು. ಮೊದಲ ದಿನವೇ ಉಪ್ಪಿನಬೆಟಗೇರಿಯಲ್ಲಿ ನನ್ನದು ಪಂಕ್ಚರ್ ಆಯಿತು. ಉಳಿದವರು ಮುಂದೆ ಹೋದರು.

ಸೈಕಲ್ ಅಂಗಡಿಯ ಮೆಹಬೂಬ್ ಟ್ಯೂಬು ಬಿಚ್ಚುವಾಗ, ಬೆಂಚಿನ ಮೇಲಿದ್ದ ಅವನ ಮುದಿ ತಂದೆ ಕೇಳಿದರು:

“ಎಲ್ಲಿಗೆ ಹೊಂಟೀರಿ?”

ಉತ್ಸಾಹದಿಂದ ಎಲ್ಲ ವಿವರಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಚುಟುಕಾಗಿ ಹೇಳಿದೆ. ಮೂರನೇ ಸಲ “ಕೊಲ್ಹಾಪುರ” ಎಂದಷ್ಟೇ ಅಂದೆ. ನಾಲ್ಕನೇ ಸಲ ಕೇಳಿಸದವನಂತೆ ರಸ್ತೆ ನೋಡುತ್ತ ನಿಂತೆ.

ಮೆಹಬೂಬ್ ತಲೆ ಎತ್ತದೆಯೇ ನಕ್ಕ. “ನಮ್ಮ ಅಬ್ಬಾಗೂ ಅದ ಮರವಿನ ಬ್ಯಾನಿ ಐತ್ರಿ. ಕೊಲ್ಹಾಪುರ ತನಕಾ ತುಳಿಯವ್ರು ನೀವು, ಇನ್ನೊಮ್ಮೆ ಹೇಳಾಕ ದಣಿದ್ರೇನ್ರಿ?”

ನಾಚಿಕೆಯಾಯಿತು. ಮುದುಕರ ಎದುರು ಕುಕ್ಕರಗಾಲಲ್ಲಿ ಕೂತು, “ಚಾಚಾ, ಕೇಳ್ರಿ” ಎಂದು ಮೊದಲಿಂದ ಹೇಳಿದೆ. ಅವರು ಗಮನವಿಟ್ಟು ಕೇಳಿ, ನನ್ನ ಭುಜ ತಟ್ಟಿದರು.

“ಛಲೋ ಕೆಲಸರಿ. ಪಾಪ, ಅಂಥವ್ರು ಎಲ್ಲೆಲ್ಲಿ ಅದಾರೋ! ಅಂದಂಗ, ಎಲ್ಲಿಗೆ ಹೊಂಟೀರಿ?”

ಪಂಕ್ಚರ್ ಹಾಕಿ ಮುಗಿಯುವಷ್ಟರಲ್ಲಿ ಏಳು ಸಲ ಹೇಳಿದ್ದೆ. ಕೊನೆಯ ಮೂರು ಸಲ ಬೇಸರವೇ ಆಗಲಿಲ್ಲ.

ಕೊಲ್ಹಾಪುರದ ಸಭೆಯಲ್ಲಿ, ನಾವು ಯಾಕೆ ಹೊರಟೆವೆಂದು ಹೇಳುವ ನನ್ನ ಭಾಷಣ ಒಂದಿಷ್ಟೂ ತಡವರಿಸಲಿಲ್ಲ. ಎಲ್ಲರೂ ಹೊಗಳಿದರು. ತಾಲೀಮು ಯಾರ ಮುಂದೆ ಆಗಿತ್ತೆಂದು ನಾನು ಬಾಯಿ ಬಿಡಲಿಲ್ಲ.