ಹೊಸ ಕಂಪ್ಯೂಟರ್ ಅತಿಥಿಗೆ

ಮುಳಬಾಗಿಲಿನ ನಮ್ಮ ಮನೆಯಲ್ಲಿ ಆಗ ಎರಡು ಕಂಪ್ಯೂಟರುಗಳಿದ್ದವು. ಒಂದು ಹೊಸದು. ಇನ್ನೊಂದು ಆನ್ ಮಾಡಿದರೆ ಗೊರಗುಟ್ಟುವ ಹಳೇದು. ಕೀಲಿಗಳ ಮೇಲೆ ಎಷ್ಟು ಒರೆಸಿದರೂ ಹೋಗದ ಜಿಡ್ಡು. ನಮ್ಮ ಯಜಮಾನರು ಲೆಕ್ಕಪತ್ರದ ಕೆಲಸದವರಾದರೂ ಹುಚ್ಚೆಲ್ಲ ಚೆಸ್ಸಿನದು. ಎಲ್ಲೆಲ್ಲಿನವರೋ ಬರೆದ ಚೆಸ್ ಪ್ರೋಗ್ರಾಮುಗಳನ್ನು ತರಿಸಿ, ಒಂದರೆದುರು ಇನ್ನೊಂದನ್ನು ಆಡಿಸಿ, ಯಾವುದು ಮೇಲು ಅಂತ ಪಟ್ಟಿ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ಅವರು ಆಫೀಸಿಗೆ ಹೋದ ಮೇಲೆ ಆಟ ನಡೆಸುವವಳು ನಾನು. ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಪ್ರೋಗ್ರಾಮ್; ಈ ಪರದೆಯಲ್ಲಿ ನಡೆದ ಕಾಯಿಯನ್ನು ಆ ಪರದೆಯಲ್ಲೂ ನಡೆಸಬೇಕು, ನಡುವೆ ಎದ್ದು ಸಾರಿಗೆ ಒಗ್ಗರಣೆ ಹಾಕಿ ಬರಬೇಕು.

ಕೋಲಾರದ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೈದುನನೂ ವರ್ಷಗಟ್ಟಲೆ ಕೂತು ಒಂದು ಪ್ರೋಗ್ರಾಮ್ ಬರೆದಿದ್ದ. ಅದು ಮೇಲೆ ಬಂದರೆ ಹುಡುಗಾಟ ಅಂದವರೆಲ್ಲ ಕೆಲಸ ಅಂತ ಒಪ್ಪುತ್ತಾರೆ ಅನ್ನೋ ಆಸೆ. ಬಂದದ್ದು ಪಟ್ಟಿಯ ತಳಕ್ಕೆ.

"ಏನಣ್ಣಾ, ಸ್ವಂತ ತಮ್ಮನ್ನ ಮೇಲಿಟ್ರೆ ಜನ ಆಡ್ಕೊಳ್ತಾರೆ ಅಂತ ತುಳಿದ್ಯಾ?" ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಕೇಳಿದ.

"ಲೇ, ಯಂತ್ರಕ್ಕೇನು ಅಣ್ಣ ತಮ್ಮ ಗೊತ್ತೇನೋ? ಹೊಸ ಕಂಪ್ಯೂಟರ್ ಬೇಗ ಲೆಕ್ಕ ಹಾಕುತ್ತೆ, ಅದರಲ್ಲಿ ಆಡಿದ್ದಕ್ಕೆ ಅನುಕೂಲ ಅಂತ ಪ್ರತಿ ಆಟಕ್ಕೂ ಪ್ರೋಗ್ರಾಮುಗಳನ್ನ ಅದಲುಬದಲು ಮಾಡಿಸ್ತೀನಿ. ನಿಮ್ಮತ್ತಿಗೇನೇ ಕೇಳು."

ನನ್ನ ಕೈಯಲ್ಲಿ ಕಾಫಿ ಲೋಟ. ಕಾರಣ ಗೊತ್ತಾದದ್ದೇ ಆಗ. ಯಂತ್ರಕ್ಕೆ ದಣಿವಾಗಬಾರದು ಅಂತ ಬದಲಾಯಿಸುವುದು ಅಂದುಕೊಂಡಿದ್ದೆ.

"ಎರಡೂ ಬೇರೆಯವರದಾದ್ರೆ ಬದಲಾಯಿಸ್ತಿದ್ದೆ ರೀ," ಅಂದೆ. "ಇವನದನ್ನ ಹಳೇದ್ರಲ್ಲೇ ಬಿಟ್ಟೆ. ಇವನಿರೋವಾಗ ಹೊರಗಿನವರನ್ನ ಆ ಜಿಡ್ಡಿನ ಮುಂದೆ ಹೇಗೆ ಕೂರಿಸೋದು? ಇವನು ಮನೆಯವನು, ನಡೆಯುತ್ತೆ ಅಂತ…"

ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಹೂವಿನ ಚಿತ್ರದ ಕಪ್ಪುಗಳನ್ನು ಬಂದವರಿಗೆಂದೇ ಎತ್ತಿಡುತ್ತಿದ್ದರು. ಅತ್ತೆಮನೆಯಲ್ಲೂ ಮಾವಿನ ಹೋಳು ನೆಂಟರಿಗೆ, ಓಟೆ ಮನೆಯವರಿಗೆ. ಅದನ್ನೇ ಮಾಡಿದ್ದೆ. ಮೈದುನ ನನ್ನ ಮುಖ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದ. ಬೈದಿದ್ದರೇ ವಾಸಿ ಇತ್ತು.

ಆಟಗಳನ್ನೆಲ್ಲ ಮತ್ತೆ ಆಡಿಸಿದೆವು. ಅವನ ಪ್ರೋಗ್ರಾಮ್ ಮೇಲಕ್ಕೇರಿತು. ಯಜಮಾನರು ಆದದ್ದನ್ನು ಮುಚ್ಚಿಡದೆ ಬರೆದರೂ ಮೇಲ್‌ಗಳು ಬಂದವು: ತಮ್ಮನಿಗೋಸ್ಕರ ಪಟ್ಟಿ ತಿದ್ದಿದ್ದೀರಿ, ಹೆಂಡತಿಯ ಕಥೆ ಬೇರೆ ಕಟ್ಟಿದ್ದೀರಿ.

"ನನ್ನದು ತೆಗೆದುಬಿಡಣ್ಣಾ," ಅಂದ ಮೈದುನ ಮುಂದಿನ ಭಾನುವಾರ. "ನಿನ್ನ ಪಟ್ಟೀನೇ ಯಾರೂ ನಂಬದ ಹಾಗಾಗೋದು ಬೇಡ." ಯಜಮಾನರು ತೆಗೆದರು. ವರ್ಷಗಟ್ಟಲೆಯ ಕೆಲಸ ಅಳಿಸಲು ಒಂದು ಸಾಲು ಅಳಿಸಿದ್ದೇ ಸಾಕಾಯಿತು.

ಊಟಕ್ಕೆ ಕೂತಾಗ ನೆಂಟರಿಗಿಡುವ ದೊಡ್ಡ ತಟ್ಟೆ ತೆಗೆದು ಅವನ ಮುಂದಿಟ್ಟೆ. ಮೊದಲ ಮುದ್ದೆ, ಮೊದಲ ತುಪ್ಪ ಅವನಿಗೇ ಬಡಿಸಿದೆ. ಅವನು ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಏನತ್ತಿಗೆ, ನನ್ನನ್ನೂ ಹೊರಗಿನವನಾಗಿ ಮಾಡಿಬಿಟ್ರಾ?"

ನಗುತ್ತಲೇ ಕೇಳಿದ. ನಾನು ಇನ್ನೊಂದು ಚಮಚ ತುಪ್ಪ ಬಡಿಸಿದೆ.