ಗೋಡೆಗೆ ಹೊಟ್ಟೆ ಬಂದದ್ದು

ಗುಂಡು ಮೇಸ್ತ್ರಿ ಎಂದ ಕೂಡಲೇ ಹೊಟ್ಟೆ ಬಿಟ್ಟ ಆಸಾಮಿಯನ್ನು ಕಲ್ಪಿಸಿಕೊಳ್ಳಬೇಡಿ. ಆತ ಜೋರು ಗಾಳಿಗೆ ಹಾರಿಹೋಗುವಷ್ಟು ಬಡಕಲು. ಗುಂಡು ಇದ್ದದ್ದು ಅವನ ಜೇಬಿನಲ್ಲಿ: ದಾರ ಕಟ್ಟಿದ ಹಿತ್ತಾಳೆಯ ತೂಗುಗುಂಡು. ಯಾರ ಮನೆಗೆ ಹೋದರೂ ಅದನ್ನು ತೆಗೆದು ಗೋಡೆಗೆ ಇಳಿಬಿಟ್ಟು, "ಇದನ್ನ ಕಟ್ಟಿದವನು ಕಣ್ಣು ಮುಚ್ಕೊಂಡೇ ಕಟ್ಟಿದಾನೆ" ಎಂದು ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಊರಿಗೆ ಅವನ ನಾಲಿಗೆಯ ಮೇಲೆ ಸಿಟ್ಟಿತ್ತು, ಗುಂಡಿನ ಮೇಲೆ ನಂಬಿಕೆಯಿತ್ತು.

ಮಳೆ ನಿಂತ ವಾರ ಅವನು ಊರಾಚೆಯ ಹಳೆಯ ಗೋದಾಮಿನ ಹಿಂದೆ ಹಾದು ಬರುತ್ತಿದ್ದ. ಕೈ ಸುಮ್ಮನಿರಬೇಕಲ್ಲ, ಒಂದು ಕಲ್ಲಿನ ಮೇಲೆ ಹತ್ತಿ ಗುಂಡು ಇಳಿಬಿಟ್ಟ. ದಾರ ನೇರ ಇಳಿಯದೆ ಗೋಡೆಯ ನಡುವಿಗೆ ಒರಗಿಕೊಂಡಿತು. ಬುಡದಲ್ಲಿ ದಾರಕ್ಕೂ ಕಲ್ಲಿಗೂ ನಡುವೆ ಎರಡು ಬೆರಳು ಸಂದು. ನೇರ ಚಹಾದಂಗಡಿಗೆ ಬಂದವನೇ, "ಗೋದಾಮಿನ ಗೋಡೆಗೆ ಹೊಟ್ಟೆ ಬಂದಿದೆ ಕಣ್ರಯ್ಯಾ" ಎಂದ.

ಕಲ್ಲುಕೆಲಸದವರ ಬಾಯಲ್ಲಿ ಹಾಗೆಂದರೆ ಗೋಡೆ ಉಬ್ಬಿದೆ, ಇವತ್ತಲ್ಲ ನಾಳೆ ಬೀಳುತ್ತದೆ ಎಂದರ್ಥ. ಆದರೆ ಅಂಗಡಿಯ ಮುಂದೆ ಬಟ್ಟೆ ಹೊಲಿಯುವ ಹೆಂಗಸು ನಿಂತಿದ್ದಳು. ಅವಳಿಗೆ ಮದುವೆಯಾಗಿ ಹನ್ನೊಂದು ವರ್ಷ, ಮಡಿಲು ಖಾಲಿ. ಮೇಸ್ತ್ರಿ ಸುಳ್ಳಾಡುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಕಲ್ಲಿಗೇ ಹೊಟ್ಟೆ ಬರುವುದಾದರೆ ತನಗೇಕೆ ಬಾರದು? ಆ ಮಧ್ಯಾಹ್ನವೇ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ದಿನವೂ ಕುಳಿತಳು. ತಿಂಗಳು ಕಳೆಯುವಷ್ಟರಲ್ಲಿ ಅವಳಿಗೆ ವಾಂತಿ ಶುರುವಾಯಿತು.

ಇನ್ನು ಕೇಳಬೇಕೆ! ಆಸ್ಪತ್ರೆ ಹನ್ನೆರಡು ಮೈಲಿ ದೂರ, ಗೋಡೆ ಕೂಗಳತೆಯಲ್ಲಿ. ಆಸ್ಪತ್ರೆಯಲ್ಲಿ ಬೈಯುತ್ತಾರೆ, ಗೋಡೆ ಯಾರನ್ನೂ ಬೈಯುವುದಿಲ್ಲ. ಅಕ್ಕಪಕ್ಕದ ಹಳ್ಳಿಗಳಿಂದಲೂ ಹೆಂಗಸರು ಬಂದು ಸಾಲಾಗಿ ಕೂರತೊಡಗಿದರು.

"ಅಯ್ಯೋ, ನಾನು ಹೇಳಿದ್ದು ಅದಲ್ಲ, ಅದು ಬೀಳೋ ಗೋಡೆ!" ಎಂದು ಮೇಸ್ತ್ರಿ ಬಾಯಿ ಬಾಯಿ ಬಡಿದುಕೊಂಡ.

"ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಮೇಸ್ತ್ರಿ," ಎಂದು ಅಂಗಡಿಯವನು ನಕ್ಕ. "ಮೂವತ್ತೊಂದು ವರ್ಷ ನಿಂತಿರೋದು ಈಗ ಬೀಳುತ್ತಾ?"

ಬೀಳುತ್ತದೆ. ಏಕೆಂದು ಅವನೊಬ್ಬನಿಗೇ ಗೊತ್ತಿತ್ತು. ಆ ಗೋಡೆಯನ್ನು ಕಟ್ಟಿದವನು ಅವನೇ. ಅದು ಎರಡು ಮೈಯ ಗೋಡೆ, ನಡುವೆ ಜಲ್ಲಿ. ಎರಡೂ ಮೈಯನ್ನು ಬಿಗಿದು ಹಿಡಿಯಲು ಅಲ್ಲಲ್ಲಿ ಆಚೆಯಿಂದ ಈಚೆಗೆ ಅಡ್ಡಗಲ್ಲು ಕೂರಿಸಬೇಕು. ಕೊನೆಯ ದಿನ ಕಲ್ಲು ಕಡಿಯುತ್ತಿರುವಾಗ, ಹೆಂಡತಿಗೆ ಹೆರಿಗೆ ನೋವು ಎಂದು ಮನೆಯಿಂದ ಕರೆ ಬಂತು. ಅಡ್ಡಗಲ್ಲಿಗೆಲ್ಲಿ ಪುರಸೊತ್ತು? ಉಳಿದ ಹತ್ತು ಮಾರು ಗೋಡೆಗೆ ಕೈಗೆ ಸಿಕ್ಕಿದ ಜಲ್ಲಿ ತುಂಬಿ, ಮೇಲೆ ಗಾರೆ ಬಳಿದು ಓಡಿದ್ದ. ಹುಟ್ಟಿದ್ದು ಹೆಣ್ಣು, ಒಬ್ಬಳೇ ಮಗಳು. ಊರಿನ ಗೋಡೆಗಳನ್ನೆಲ್ಲ ಆಡಿಕೊಂಡವನು ತನ್ನ ಗೋಡೆಯ ಗುಟ್ಟನ್ನು ಹೇಗೆ ಬಾಯಿಬಿಟ್ಟಾನು?

ಆ ಮಗಳಿಗೂ ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಅತ್ತೆಯ ಚುಚ್ಚುಮಾತು ಕೇಳಿ ಕೇಳಿ ಅವಳ ಮುಖ ಬಾಡಿತ್ತು. ಒಂದು ದಿನ ಮೇಸ್ತ್ರಿ ಅಳತೆ ನೋಡಲು ಹೋದರೆ, ಸಾಲಿನ ನಡುವೆ ಗೋಡೆಗೆ ತಲೆಯಾನಿಸಿ ಅವಳೂ ಕುಳಿತಿದ್ದಳು. ಸಂದು ಆಗಲೇ ಮೂರು ಬೆರಳಾಗಿತ್ತು. ಕೈ ಹಿಡಿದು ಎಬ್ಬಿಸಿದರೆ ಮರುದಿನ ಮತ್ತೆ ಬಂದಳು. ಹೀಗೆಯೇ ಎರಡು ತಿಂಗಳು ನಡೆಯಿತು.

ಆಮೇಲೊಂದು ಬೆಳಗ್ಗೆ ಅಪ್ಪನ ಮನೆಯ ಹೊಸಿಲಲ್ಲಿ ನಿಂತು, "ಅಪ್ಪಾ, ನಿಂತಿದೆ. ಎರಡು ತಿಂಗಳಾಯ್ತು" ಎಂದಳು.

ಮೇಸ್ತ್ರಿ ಮಗುವಿನಂತೆ ಅತ್ತ. ಅಂದು ಮೊದಲ ಬಾರಿಗೆ ಗುಂಡನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋದ. ಕಲ್ಲಿಗೆ ಏನು ಗೊತ್ತೋ ಯಾರು ಕಂಡವರು, ತನ್ನ ದಾರವೇ ತಪ್ಪು ಹೇಳುತ್ತಿರಬಹುದು. ಹಾಗೆ ನಂಬಲು ಅವನಿಗೆ ಎಷ್ಟು ಆಸೆಯಾಯಿತೆಂದರೆ ಇಡೀ ದಿನ ನಂಬಿಯೇಬಿಟ್ಟ. ಮರುದಿನ ತಡೆಯಲಾರದೆ ಹೋಗಿ ಅಳೆದ. ನಾಲ್ಕು ಬೆರಳು.

ಅಂದು ಮಗಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಅಡ್ಡಗಲ್ಲಿನ ವಿಷಯವನ್ನೆಲ್ಲ ಹೇಳಿದ. "ಹೊಟ್ಟೆ ಅಂದ್ರೆ ಆ ಹೊಟ್ಟೆ ಅಲ್ಲಮ್ಮ. ನಾನು ಮಾಡಿದ ತಪ್ಪು ಅದು. ಇನ್ನು ಆ ಕಡೆ ಹೋಗ್ಬೇಡ."

ಅವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. "ನಿಮ್ಮ ಬಾಯಿಂದಲೇ ಬಂದ ಮಾತು ಅಪ್ಪಾ. ಈಗ ವಾಪಸ್ ತಗೊಂಡ್ರೆ ಇದೂ ವಾಪಸ್ ಹೋಗುತ್ತೆ. ಇನ್ನೊಂದು ಸಲ ಹಾಗನ್ಬೇಡಿ." ಅವಳ ಕಣ್ಣಿನಲ್ಲಿದ್ದ ಹೆದರಿಕೆ ಗೋಡೆಯದಲ್ಲ, ಅಪ್ಪನದು.

ಮೇಸ್ತ್ರಿ ಬಾಯಿ ಮುಚ್ಚಿಕೊಂಡು ಮರದ ಕಂಬಗಳನ್ನು ಹೊತ್ತು ತಂದು ಗೋಡೆಗೆ ಆಸರೆ ಕೊಟ್ಟ. ಹೆಂಗಸರು ಸಂತೋಷಪಟ್ಟು ಕಂಬಗಳಿಗೆ ಮಕ್ಕಳ ಅಂಗಿ ನೇತುಹಾಕಿದರು. ನಡುವಿನ ಕಂಬ ಕೂರುವುದಕ್ಕೆ ಅಡ್ಡವಾಗುತ್ತದೆಂದು ಯಾರೋ ಕಿತ್ತು ಪಕ್ಕಕ್ಕಿಟ್ಟರು.

ಮರುವಾರ ಒಂದು ಮಧ್ಯಾಹ್ನ ಅವನು ಮತ್ತೆ ಹೋದ. ಇಪ್ಪತ್ತು ಮೂವತ್ತು ಹೆಂಗಸರು ನೆರಳಿನಲ್ಲಿ ಕುಳಿತಿದ್ದರು. ಕಂಬ ಕಿತ್ತ ಜಾಗದಲ್ಲೇ ಮಗಳು ಕಣ್ಣು ಮುಚ್ಚಿಕೊಂಡು ಒರಗಿದ್ದಳು. ಗಾಳಿಯಿಲ್ಲದೆಯೂ ಮೇಲಿನಿಂದ ಸಣ್ಣಗೆ ಗಾರೆಪುಡಿ ಉದುರಿ ಅವಳ ಕೂದಲ ಮೇಲೆ ಕೂತಿತ್ತು. ಅವನು ಗುಂಡು ಇಳಿಬಿಟ್ಟ. ಗುಂಡು ನಿಲ್ಲಲಿಲ್ಲ, ಗೋಡೆಯೊಂದಿಗೆ ಸಣ್ಣಗೆ ಅದುರುತ್ತಲೇ ಇತ್ತು.

"ಏಳ್ರಮ್ಮಾ, ಎಲ್ಲ ಏಳಿ!" ಎಂದು ಕಿರುಚಿದ.

"ಶುರುವಾಯ್ತು ಮೇಸ್ತ್ರಿದು," ಎಂದು ಯಾರೋ ನಕ್ಕರು.

ಮಗಳು ತಟ್ಟನೆ ಕಣ್ಣು ಬಿಟ್ಟಳು. ಇಷ್ಟು ವರ್ಷಗಳಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ಅವನು ಕಂಡಿರಲಿಲ್ಲ. "ಅಪ್ಪಾ, ಒದೀತು! ಈಗ ಒದೀತು!"

ಹೆಂಗಸರೆಲ್ಲ ಹೋ ಎನ್ನುತ್ತ ಅವಳ ಹತ್ತಿರಕ್ಕೆ ಸರಿದರು. ಎರಡು ತಿಂಗಳ ಕೂಸು ಒದೆಯುವುದಿಲ್ಲ ಎಂದು ಮೇಸ್ತ್ರಿಗೆ ಗೊತ್ತಿತ್ತು. ಮಗಳ ಕೈ ಹೋದದ್ದೂ ಹೊಟ್ಟೆಗಲ್ಲ, ಬೆನ್ನಿಗೆ. ಅವನು ಗುಂಡು ಬಿಸಾಕಿ ಅವಳ ಕಡೆಗೆ ಓಡಿದ.