ಶಂಖದ ಹುಳದ ಬಂಡೆ

ನಿನ್ನೆ ಅಂಗಳದ ಪಾಚಿಗೆ ಹಾಕಲೆಂದು ಬ್ಲೀಚಿಂಗ್ ಪೌಡರಿನ ಪೊಟ್ಟಣ ಬಿಚ್ಚಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಆಚೆಮನೆ ಅತ್ತೆಯ ನೆನಪಾಯಿತು. ಹಿಂದೆಯೇ ಸಿಟ್ಟೂ ಬಂತು. ಸತ್ತವರ ಮೇಲೆ ಎಂಥ ಸಿಟ್ಟು ಎಂದು ಮನೆಯವರು ಹೇಳುತ್ತಾರೆ. ನನಗಿನ್ನೂ ಅದು ಇಳಿದಿಲ್ಲ.

ಅತ್ತೆ ಎಂದರೆ ನೆಂಟರಲ್ಲ, ಪಕ್ಕದ ಮನೆಯವರು. ಮೇಗರವಳ್ಳಿಯ ನಮ್ಮ ಮನೆಗಳ ಹಿಂದೆ ಗುಡ್ಡ ಹತ್ತಿದರೆ ಒಂದು ಸಣ್ಣ ಅಬ್ಬಿ. ನೀರು ಸಿಡಿದು ಸದಾ ಒದ್ದೆಯಾಗಿರುವ ಅದರ ಬಂಡೆಗೆ ಕಾಳುಮೆಣಸಿನಷ್ಟು ದಪ್ಪದ ಬಸವನಹುಳುಗಳು ಅಂಟಿಕೊಂಡಿರುತ್ತಿದ್ದವು. ಅತ್ತೆ ಅವನ್ನು ಶಂಖದ ಹುಳ ಎನ್ನುತ್ತಿದ್ದರು. ಮೀಯಲು ಹೋದಾಗ ಕೂರುವ ಮೊದಲು ಬಂಡೆಯ ಮೇಲೆ ಅಂಗೈ ಆಡಿಸಬೇಕು, ಹುಳ ತಾಗಿದರೆ ಬೇರೆ ಜಾಗ ನೋಡಬೇಕು. ಸೋಪು ಹಚ್ಚುವುದೇನಿದ್ದರೂ ಕೆಳಗಿನ ಹಳ್ಳದಲ್ಲಿ. ಇದು ಅವರ ಕಾನೂನು. ಚಿಕ್ಕವಳಿದ್ದಾಗ ಒಮ್ಮೆ ನಾನು ಮರೆತು ಕಾಲಿಡಹೋದರೆ ರಟ್ಟೆ ಹಿಡಿದು ಎಳೆದಿದ್ದರು.

"ಮೆಟ್ಬೇಡ ಮಾರಾಯ್ತಿ. ಅವೂ ಮನೆ ಮಾಡ್ಕಂಡಿದಾವೆ."

ಆಮೇಲೊಮ್ಮೆ ಹುಳ ನೋಡಲು ಕಾಲೇಜಿನವರೊಬ್ಬರು ಬಂದರು. ಈ ಜಾತಿ ಬದುಕುವುದೇ ಘಟ್ಟದ ಕೆಲವು ಜಲಪಾತಗಳ ಒದ್ದೆ ಬಂಡೆಗಳಲ್ಲಿ, ಅಲ್ಲಿನ ಪಾಚಿ ತಿಂದು. ಬಂಡೆ ಕೆಟ್ಟರೆ ಅವಕ್ಕೆ ಬೇರೆ ದಿಕ್ಕಿಲ್ಲ ಎಂದರು. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ಬಂದವರಿಗೆಲ್ಲ "ನಮ್ಮ ಹುಳ" ಎಂದು ತೋರಿಸುತ್ತಿದ್ದರು...

ಪ್ರವಾಸಿಗರಿಗಾಗಿ ಅಬ್ಬಿಯವರೆಗೆ ಕಾಂಕ್ರೀಟ್ ಮೆಟ್ಟಿಲು ಕಟ್ಟುವ ವಿಚಾರ ಗ್ರಾಮಸಭೆಗೆ ಬಂದಾಗ ನಾನು ವಿರೋಧಿಸಲು ಹೊರಟೆ. "ನೀ ಸುಮ್ನೆ ಕೂತ್ಕ. ನಾ ಹೇಳಿದ್ರೆ ಊರು ಕೇಳ್ತದೆ," ಎಂದಿದ್ದರು ಅತ್ತೆ. ನಂಬಿ ಕೂತೆ. ಅವರು ಎದ್ದು ಸೆರಗು ಸರಿಮಾಡಿಕೊಂಡರು.

"ಆ ಹುಳ ಎಲ್ಲ ಹಿಂದೆ ಇತ್ತು. ಈಗ ಎಂತದೂ ಇಲ್ಲ. ಮೆಟ್ಲು ಕಟ್ಟಿ."

ನನ್ನ ಕಡೆ ನೋಡಲಿಲ್ಲ. ಹಿಂದಿನ ವಾರವಷ್ಟೇ ಇಬ್ಬರೂ ಜೊತೆಗೆ ಹೋಗಿ ಹುಳ ನೋಡಿ ಬಂದಿದ್ದೆವು. ಮೆಟ್ಟಿಲ ಬುಡದ ಕ್ಯಾಂಟೀನು ಅವರಿಗೇ ಎಂದು ಮೊದಲೇ ಮಾತಾಗಿತ್ತಂತೆ. ಊರಿಗೆಲ್ಲ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

ಮೆಟ್ಟಿಲಾದ ಮೊದಲ ಮಳೆಗಾಲದಲ್ಲೇ ಪ್ರವಾಸಿಯೊಬ್ಬ ಬಂಡೆಯ ಮೇಲೆ ಜಾರಿ ಬಿದ್ದ. ಮರುದಿನ ಅತ್ತೆ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಹೊತ್ತುಕೊಂಡು ಹೋಗಿ, ಅಂಗಳಕ್ಕೆ ಎರಚುವ ಹಾಗೆ ಬಂಡೆಗೆಲ್ಲ ಎರಚಿ, ಕಡ್ಡಿ ಪೊರಕೆಯಲ್ಲಿ ತಿಕ್ಕತೊಡಗಿದರು.

"ಅತ್ತೆ, ಹುಳ?" ಎಂದೆ.

"ಜನ ಜಾರಿ ಬಿದ್ರೆ ನನ್ನ ಯಾಪಾರ ಹೋಗ್ತದೆ," ಎಂದು ತಿಕ್ಕುತ್ತಲೇ ಇದ್ದರು.

ಆಮೇಲೆ ಅವರನ್ನು ನಾನು ಮಾತಾಡಿಸಲಿಲ್ಲ. ಹೋದ ವರ್ಷ ತೀರಿಕೊಂಡಾಗ ಹೋಗಿ ಮುಖ ನೋಡಿ ಬಂದೆ. ನನ್ನ ಕಣ್ಣು ಹೋದದ್ದು ಮಾತ್ರ ಅವರ ಕೈಯ ಮೇಲೆ. ನನ್ನ ರಟ್ಟೆ ಹಿಡಿದೆಳೆದ ಕೈ ಅದೇ, ಪೊರಕೆ ಹಿಡಿದದ್ದೂ ಅದೇ...

ನಿನ್ನೆ ಪೊಟ್ಟಣವನ್ನು ಹಾಗೇ ಕಟ್ಟಿಟ್ಟು ಅಬ್ಬಿಗೆ ಹೋದೆ. ಅತ್ತೆ ಕಲಿಸಿದಂತೆ, ಕೂರುವ ಮೊದಲು ಬಂಡೆಯುದ್ದಕ್ಕೂ ಅಂಗೈ ಆಡಿಸಿದೆ. ಒಂದು ಹುಳವೂ ತಾಗಲಿಲ್ಲ. ಅಂದು ಸಭೆಯಲ್ಲಿ ಹೇಳಿದ ಸುಳ್ಳನ್ನು ಅವರು ನಿಜ ಮಾಡಿಯೇ ಹೋಗಿದ್ದಾರೆ.